ಮೆಟ್ಟಿಲ ಬಾವಿಯ ಲೋಳೆಮೀನು

ಲೋಳೆಮೀನನ್ನು ನಾನು ಮೊದಲು ನೋಡಿದ್ದು ಸಮುದ್ರದಲ್ಲಲ್ಲ, ನಮ್ಮ ಮನೆಯ ಹಿಂದಿನ ಬಾವಿಯಲ್ಲಿ. ಹೀಗೆಂದರೆ ಇವತ್ತಿಗೂ ಜನ ನನ್ನ ಮುಖವನ್ನೊಮ್ಮೆ ನೋಡಿ, ಪಾಪ ವಯಸ್ಸಾಯಿತು ಎಂಬಂತೆ ನಗುತ್ತಾರೆ. ನಗಲಿ. ಮೊದಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು, ಈಗ ಏರುವುದಿಲ್ಲ. ಅಂಥದೇ ಒಂದು ನಗುವಿಗೆ ಹೆದರಿ ನಾನು ಒಮ್ಮೆ ಮಾಡಬಾರದ್ದನ್ನು ಮಾಡಿದ್ದೇನೆ. ಅದನ್ನು ಬರೆದಿಡಬೇಕೆಂದು ಕೂತಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮೂರು ಬಳ್ಳಾರಿ ರೋಡಿನ ಬ್ಯಾಟರಾಯನಪುರದಿಂದ ಒಂದು ಮೈಲಿ ಒಳಗೆ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ಅತ್ತಿಗೆ, ನಾನು. ಅಪ್ಪ ಮತ್ತು ಅಣ್ಣ ದ್ರಾಕ್ಷಿ ತೋಟ, ರಾಗಿ ಹೊಲ ನೋಡಿಕೊಳ್ಳುತ್ತಿದ್ದರು. ನಾನು ಪೇಟೆಯ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಯಲಹಂಕದ ಕಡೆ ಒಂದು ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಒಂದು ವರ್ಷ ಆಗಿತ್ತಷ್ಟೆ. ಮನೆತನದಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಅವತ್ತಿನಿಂದ ಮನೆಯವರೆಲ್ಲ ನನ್ನನ್ನು ಮೇಷ್ಟ್ರು ಎಂದೇ ಕರೆಯತೊಡಗಿದ್ದರು. "ಮೇಷ್ಟ್ರೇ, ಸಂದಾಕಾಗಿ ಪಾಠ ಏಳೋದಾಯ್ತು, ಈಗ ಎಮ್ಮೇಗ್ ಒಸಿ ಉಲ್ಲಾಕಿ" ಎಂದು ಅವ್ವನೇ ರೇಗಿಸುತ್ತಿದ್ದಳು. ಮೇಲೆ ಮೇಲೆ ಗೊಣಗಿದರೂ ಒಳಗೊಳಗೇ ನನಗೆ ಆ ಹೆಸರು ಖುಷಿ ಕೊಡುತ್ತಿತ್ತು. ನನಗೆ ಎಲ್ಲ ಗೊತ್ತಿದೆ ಎಂದು ಮನೆಯವರು ತಿಳಿದಿದ್ದರು, ಹಾಗೆಯೇ ನಾನೂ ತಿಳಿದಿದ್ದೆ.

ತೋಟದ ಬಾವಿಗೆ ಕರೆಂಟು ಮೋಟಾರು ಬಂದಿತ್ತು. ಮನೆಯ ಹಿಂದಿದ್ದದ್ದು ಹಳೆಯ ಮೆಟ್ಟಿಲ ಬಾವಿ. ಅದರದು ಸಿಹಿನೀರು, ಕುಡಿಯುವುದಕ್ಕೂ ಅಡುಗೆಗೂ ಅದೇ. ಹಗ್ಗ ರಾಟೆ ಏನೂ ಇಲ್ಲ, ಕಲ್ಲಿನ ಮೆಟ್ಟಿಲು ಇಳಿದು ಕೊಡ ಮುಳುಗಿಸಿಕೊಂಡು ಬರುವುದು.

ಆ ಬಾವಿಗೆ ಒಂದು ಕಟ್ಟಳೆಯಿತ್ತು. ಹೆತ್ತ ಹೆಂಗಸು ಗಂಗೆ ಪೂಜೆ ಆಗುವ ತನಕ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಸೂತಕ ಕಳೆದು, ಮಗುವಿಗೆ ಹೆಸರಿಟ್ಟ ಮೇಲೆ ಒಂದು ಒಳ್ಳೆಯ ದಿನ ತಾಯಿ ತಲೆ ತುಂಬ ಸೆರಗು ಹೊದ್ದು, ಎಲೆ ಅಡಿಕೆ ಅರಿಶಿನ ಕುಂಕುಮ ಹಿಡಿದು, ಮೆಟ್ಟಿಲಿಳಿದು ನೀರಿಗೆ ಪೂಜೆ ಮಾಡಿ, ಒಂದು ಕೊಡ ನೀರನ್ನು ಸೊಂಟದ ಮೇಲಿಟ್ಟುಕೊಂಡು ಬರಬೇಕು. ಆ ಕೊಡ ಹೊಸ್ತಿಲು ದಾಟಿದ ಮೇಲೆ ಅವಳು ಮತ್ತೆ ಮನೆಯ ಹೆಂಗಸು. ಮಗು ಉಳಿಯದೆ ಹೋದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಕೆಲವು ಮನೆಗಳಲ್ಲಿ ನೋಡಿಯೂ ನೋಡದಂತೆ ಇದ್ದುಬಿಡುತ್ತಿದ್ದರು. ನಮ್ಮವ್ವ ಹಾಗೆ ಇದ್ದುಬಿಡುವವಳಲ್ಲ.

ಅತ್ತಿಗೆ ಶೆಟ್ಟಿಹಳ್ಳಿಯವಳು. ಮದುವೆಯಾಗಿ ಆರು ವರ್ಷ. ಮೊದಲನೇ ಕೂಸು ಅಳಲೇ ಇಲ್ಲ. ಆಗ ಮೂರು ತಿಂಗಳು ಕಾದು ಅವ್ವ ಮನಸ್ಸಿಲ್ಲದ ಮನಸ್ಸಿನಿಂದ ಅವಳನ್ನು ಬಾವಿಗೆ ಬಿಟ್ಟಿದ್ದಳು. ಎರಡನೆಯದು ಒಂಬತ್ತು ದಿನ ಇತ್ತು. ಒಂಬತ್ತು ದಿನವೂ ಅಪ್ಪ ಹೊಲದಿಂದ ಬಂದವರು ಕಾಲು ತೊಳೆದು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಕೂಸಿನ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದರು. ಅದು ಹೋದ ಮೇಲೆ ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಕೂಸ್ನ ಕಂಕ್ಳಲ್ಲಿಟ್ಕೊಂಡು ಗಂಗೆ ಪೂಜೆ ಮಾಡೋಗಂಟ ನೀನು ಬಾವಿಗಿಳೀಬ್ಯಾಡ."

ಹೊರಗಿನವರಿಗೆ ಇದು ದೊಡ್ಡದೆನಿಸದಿರಬಹುದು. ನೀರು ಹೊರುವ ಕೆಲಸ ತಪ್ಪಿದರೆ ಒಳ್ಳೆಯದೇ ಅಲ್ಲವೇ ಎಂದು ನನ್ನ ಜೊತೆಯ ಮೇಷ್ಟ್ರೊಬ್ಬರು ಕೇಳಿದ್ದರು. ಅವರಿಗೆ ಏನು ಹೇಳುವುದು? ಒಕ್ಕಲುಮನೆಯಲ್ಲಿ ಸೊಸೆ ನೀರು ತರುವಂತಿಲ್ಲ ಅಂದರೆ ಅವಳು ತುಂಬಿದ ಹಂಡೆ ಮುಟ್ಟುವಂತಿಲ್ಲ, ಹಿಟ್ಟಿನ ಎಸರಿಡುವಂತಿಲ್ಲ. ಕುಡಿಯುವ ನೀರನ್ನೂ ಬೇರೆಯವರು ಬಗ್ಗಿಸಿ ಕೊಡಬೇಕು. ಮಂಡಿ ನೋವಿನ ಅವ್ವ ಒಂದೊಂದು ಮೆಟ್ಟಿಲಿಗೂ ಒಂದೊಂದು "ಉಸ್ಸಪ್ಪಾ" ಎಂದು, ಅತ್ತಿಗೆಗೆ ಕೇಳುವ ಹಾಗೆಯೇ ಎಂದು, ಕೊಡ ಹೊತ್ತು ತರುತ್ತಿದ್ದಳು. ಅತ್ತಿಗೆ ಕೊಟ್ಟಿಗೆ ಬಾಚುತ್ತಿದ್ದಳು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು, ಮಿಕ್ಕ ಹೊತ್ತು ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದಳು. ಹೀಗೇ ಒಂದೂವರೆ ವರ್ಷ. ಅಷ್ಟರಲ್ಲಿ ನಾಗಸಂದ್ರದ ಕಡೆ ಅಣ್ಣನಿಗೆ ಇನ್ನೊಂದು ಹುಡುಗಿ ಇದೆ ಎಂಬ ಮಾತು ಅವ್ವನ ಬಾಯಲ್ಲಿ ಎರಡು ಸಲ ಬಂದಿತ್ತು. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅವನು ಯಾವಾಗಲೂ ಹಾಗೇ.

ಬೇಸಿಗೆ ರಜೆ. ಊಟ ಮುಗಿಸಿ ಎಲ್ಲರೂ ಒರಗಿದ್ದರು. ನಾನು ಜಗಲಿಯ ಮೇಲೆ ಪುಸ್ತಕ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದೆ. ಅತ್ತಿಗೆ ಬಂದು ಪುಸ್ತಕ ಎತ್ತಿದಳು.

"ಮೇಷ್ಟ್ರೇ, ಏಳಿ. ಒಂದು ವಸ್ತು ತೋರುಸ್ತೀನಿ ಬನ್ನಿ. ಯಾರ್ಗೂ ಏಳ್ಬ್ಯಾಡಿ."

ಅವಳು ನೇರ ಬಾವಿಯ ಕಡೆ ನಡೆದಳು. ತಡೆಯಲು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಮೆಟ್ಟಿಲು ಇಳಿದಾಗಿತ್ತು. ಹಿಂದೆಯೇ ಇಳಿದೆ. ನೆತ್ತಿಯ ಮೇಲಿನ ಬಿಸಿಲು ನೇರವಾಗಿ ನೀರಿಗೆ ಬಿದ್ದು ತಳದ ತನಕ ಹಸಿರಾಗಿ ಕಾಣುತ್ತಿತ್ತು. ಮೊದಲು ನನಗೆ ಏನೂ ಕಾಣಲಿಲ್ಲ. "ನೀರ್ನ ನೋಡ್ಬ್ಯಾಡಿ, ನೀರೊಳಗೆ ನೋಡಿ" ಅಂದಳು ಅತ್ತಿಗೆ.

ಆಮೇಲೆ ಕಂಡವು. ಪಾವಲಿ ನಾಣ್ಯದಷ್ಟಗಲ, ನೀರಿನ ಬಣ್ಣದವೇ. ಒಂದೊಂದೂ ಪುಟ್ಟ ಕೊಡೆಯ ಹಾಗೆ ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ, ಆ ಒಂದೇ ಉಪಾಯದಿಂದ ಮೇಲೆ ಏರುತ್ತಿತ್ತು. ಮೇಲೆ ಬಂದು ಒಂದು ಗಳಿಗೆ ಸುಮ್ಮನಾಗಿ, ಮಗುಚಿಕೊಂಡು, ಅಂಚಿನ ಕೂದಲೆಳೆಯಂಥ ದಾರಗಳನ್ನೆಲ್ಲ ಹರಡಿಕೊಂಡು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಮತ್ತೆ ಏರುತ್ತಿತ್ತು. ನಡುವೆ ನಾಲ್ಕು ಬಿಳಿ ಗೆರೆ, ರಂಗೋಲಿಗೆ ಮೊದಲು ಎಳೆದ ಅಡ್ಡ ಉದ್ದದ ಗೆರೆಯಂತೆ. ಅಂಥವು ಬಾವಿಯ ತುಂಬ. ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಇಷ್ಟೊಂದು ಜೀವ ಇಷ್ಟು ಸದ್ದಿಲ್ಲದೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಅತ್ತಿಗೆ ಕೊನೆಯ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈ ನೀರಿಗಿಟ್ಟಳು. ಎರಡು ಮೂರು ಬಂದು ಬೆರಳಿಗೆ ತಾಕಿ ಹೋದವು.

"ಕಚ್ಚಾಕಿಲ್ಲ, ನೋಡಿ. ಮೂರು ದಿನದಿಂದ ಬತ್ತಾ ಇವ್ನಿ. ನನ್ನ ಕಂಡ್ರೆ ಎದ್ರಾಕಿಲ್ಲ ಇವು. ಎದ್ದು ನನ್ ತಾವ್ಕೇ ಬತ್ತವೆ. ಮನೇಲಿ ಯಾರ್ ಬತ್ತಾರೆ ನನ್ ತಾವ?"

ಅವಳ ಮುಖ ನೋಡಿದೆ. ಒಂದೂವರೆ ವರ್ಷದಲ್ಲಿ ಅವಳು ಹಾಗೆ ಕೂತಿದ್ದನ್ನು, ಯಾರ ಹೆಜ್ಜೆ ಸದ್ದಿಗೂ ಕಿವಿಗೊಡದೆ ಕೂತಿದ್ದನ್ನು, ನಾನು ಕಂಡಿರಲಿಲ್ಲ.

"ಏನು ಇವು? ಪುಸ್ತಕದಾಗವಾ?"

ಪುಸ್ತಕದಲ್ಲಿದ್ದವು. ಇಂಟರ್‌ಮೀಡಿಯೆಟ್ಟಿನ ಪ್ರಾಣಿಶಾಸ್ತ್ರದಲ್ಲಿ ಇದೇ ಕೊಡೆ, ಇದೇ ದಾರಗಳು, ಇದೇ ನಾಲ್ಕು ಗೆರೆ. ನಾನು ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಆದರೆ ಚಿತ್ರದ ಕೆಳಗೆ, ಇದು ಸಮುದ್ರವಾಸಿ ಎಂದು ಬರೆದಿತ್ತು.

"ಇದೇ ಥರ ಒಂದು ಪ್ರಾಣಿ ಇದೆ ಅತ್ತಿಗೆಮ್ಮ. ಲೋಳೆಮೀನು ಅಂತಾರೆ. ಆದ್ರೆ ಅದಿರೋದು ಸಮುದ್ರದಲ್ಲಿ."

"ಇಲ್ಲೂ ಅವೆಯಲ್ಲ" ಅಂದಳು ಅತ್ತಿಗೆ, ಇಷ್ಟು ಸಣ್ಣ ವಿಷಯ ಮೇಷ್ಟ್ರಿಗೆ ಕಾಣುವುದಿಲ್ಲವೇ ಎನ್ನುವ ಹಾಗೆ.

ನಾಲ್ಕು ದಿನ ನಾವಿಬ್ಬರೂ ಮಧ್ಯಾಹ್ನ ಇಳಿದು ನೋಡಿ ಬಂದೆವು. ಐದನೆಯ ದಿನ ಬೆಳಿಗ್ಗೆ ಅವ್ವ ತಂದ ಕೊಡದಲ್ಲಿ ಒಂದು ಬಂದುಬಿಟ್ಟಿತು. ಅಡುಗೆಮನೆಯಲ್ಲಿ ನೀರು ಬಗ್ಗಿಸಲು ಹೋದವಳು ಕೊಡದ ಬಾಯಲ್ಲಿ ಏನೋ ಮುಚ್ಚಿ ಬಿಚ್ಚಿ ಮಾಡುವುದನ್ನು ಕಂಡು ಕಿರುಚಿಕೊಂಡಳು. ಓಡಿ ಬಾವಿಗೆ ಹೋಗಿ ಬಗ್ಗಿ ನೋಡಿದಳು. ನೋಡಿದವಳು ಅಲ್ಲಿಂದ ಬಂದು ಮಾಡಿದ ಮೊದಲ ಕೆಲಸ ಅತ್ತಿಗೆಯ ಸೀರೆಯಂಚು ಹಿಡಿದು ನೋಡಿದ್ದು. ಅಂಚಿನಲ್ಲಿ ಪಾಚಿಯ ಹಸಿರಿತ್ತು.

"ಬಾವಿಗಿಳ್ದಿದ್ಯಾ?"

ಸುಳ್ಳು ಹೇಳಬಹುದಿತ್ತು. ಅತ್ತಿಗೆಗೆ ಅದು ಬರುತ್ತಿರಲಿಲ್ಲ.

"ಇಳ್ದಿದ್ದೆ ಅತ್ತೆಮ್ಮ."

ಮುಗಿಯಿತು. ಪೂಜೆಯಿಲ್ಲದೆ ಇಳಿದಳು, ಗಂಗಮ್ಮ ತೋರಿಸಿಕೊಟ್ಟಳು ಎಂದು ಅವ್ವ ಹಿತ್ತಲಲ್ಲಿ ನಿಂತು ಕೂಗಿದ್ದು ಊರಿಗೆಲ್ಲ ಕೇಳಿತು. ಮಧ್ಯಾಹ್ನದೊಳಗೆ ಊರ ಹೆಂಗಸರೆಲ್ಲ ಬಾವಿಯ ಕಟ್ಟೆಯ ಸುತ್ತ. ಉಳಿಯದೆ ಹೋದ ಕೂಸುಗಳ ಕಣ್ಣುಗಳು ಇವು ಎಂದು ಯಾರೋ ಅಂದರು. ಆಮೇಲೆ ಎಲ್ಲರೂ ಅದನ್ನೇ ಅಂದರು. ಅತ್ತಿಗೆ ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಸಂಜೆ ಅಪ್ಪ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿದರು. ಅಪ್ಪ ಓದಿದವರಲ್ಲ, ಆದರೆ ಒಂದು ಕಡೆಯ ಮಾತು ಕೇಳಿ ತೀರ್ಪು ಹೇಳುವವರಲ್ಲ. ಅವ್ವ ಅತ್ತಿಗೆಯನ್ನು ಶೆಟ್ಟಿಹಳ್ಳಿಗೆ ಬಿಟ್ಟು ಬರಲೇಬೇಕು ಎಂದು ಹಟ ಹಿಡಿದಿದ್ದಳು. ಅಪ್ಪ ಬಹಳ ಹೊತ್ತು ಎಲೆ ಅಡಿಕೆ ಅಗಿದು ಹೀಗೆಂದರು:

"ನಮ್ ಮೇಷ್ಟ್ರು ಓದವ್ನೆ. ಪ್ಯಾಟೇಗೋಗಿ ದೊಡ್ಡೋರ್ನ ಕೇಳ್ಕಂಡು ಬರ್ಲಿ. ಉಳ ಅಂದ್ರೆ ಉಳ. ಬಾವೀಲಿ ಉಳ ಬಿದ್ರೆ ಸೊಸೆ ಏನ್ಮಾಡ್ತಾಳೆ? ಅವಾಗ ಅವಳ್ನ ನೀನು ಬಾವಿಗೆ ಬುಡ್ಬೇಕು, ನಾಗಸಂದ್ರದ ಮಾತು ಎತ್ಬಾರ್ದು. ಉಳ ಅಲ್ಲ, ಬ್ಯಾರೆ ಏನೋ ಅಂದ್ರೆ, ನಿನ್ ಮಾತು ನಡೀಲಿ."

ಅವ್ವ ಒಪ್ಪಿದಳು. ಅವಳಿಗೂ ನನ್ನ ಓದಿನ ಮೇಲೆ ನಂಬಿಕೆ. ಅತ್ತಿಗೆ ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಧೈರ್ಯ ಬಂದಿದ್ದು ನನಗೆ ಕಂಡಿತು. ಅವುಗಳನ್ನು ಕಣ್ಣಾರೆ ನೋಡಿದವನು, ಹೆಸರು ಹೇಳಿದವನು ನಾನೇ ಅಲ್ಲವೇ?

ಮರುದಿನ ಬೆಳಿಗ್ಗೆ ಅಪ್ಪನ ಅಪ್ಪಣೆಯ ಮೇಲೆ ಅತ್ತಿಗೆಯೇ ಇಳಿದು ದೊಡ್ಡ ಗಾಜಿನ ಭರಣಿಯಲ್ಲಿ ಮೂರನ್ನು ಹಿಡಿದು ಕೊಟ್ಟಳು. ಭರಣಿಯಲ್ಲೂ ಅವು ಲವಲವಿಕೆಯಿಂದ ಏರಿಳಿಯುತ್ತಿದ್ದವು. ಆಗ ನನ್ನ ವಿಜ್ಞಾನ ಜಾಗೃತವಾಯಿತು. ಸಮುದ್ರದ ಪ್ರಾಣಿ, ಬಸ್ಸಿನಲ್ಲಿ ಪೇಟೆ ಸೇರುವ ತನಕ ಬದುಕಿರಬೇಕು, ಸಿಹಿನೀರಿನಲ್ಲಿ ಎಷ್ಟು ಹೊತ್ತು ತಾಳೀತು? ಅಡುಗೆಮನೆಗೆ ಹೋಗಿ ಎರಡು ಹಿಡಿ ಕಲ್ಲುಪ್ಪು ತಂದು ಭರಣಿಗೆ ಹಾಕಿದೆ.

"ಉಪ್ಪು ಯಾಕೆ?" ಅಂದಳು ಅತ್ತಿಗೆ. "ಬಾವಿ ನೀರು ಉಪ್ಪಗಿಲ್ವಲ್ಲ."

"ನಿಮಗೆ ಗೊತ್ತಾಗಲ್ಲ ಅತ್ತಿಗೆಮ್ಮ. ಇದು ವಿಜ್ಞಾನ."

ಈ ಮಾತನ್ನು ಹೇಗೆ ಹೇಳಿದೆನೋ ಹಾಗೇ ಬರೆದಿದ್ದೇನೆ. ಸಮುದ್ರವನ್ನೇ ನೋಡದವನು, ದಿನಾ ಆ ನೀರು ಕುಡಿದು ಬೆಳೆದವನು, ಆ ನೀರಿನಲ್ಲಿ ಚೆನ್ನಾಗಿಯೇ ಇದ್ದ ಜೀವಕ್ಕೆ ಉಪ್ಪು ಬಡಿಸಿದೆ.

ಬಸ್ಸಿನಲ್ಲಿ ಭರಣಿಯನ್ನು ಒದ್ದೆ ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹೆಬ್ಬಾಳದ ಕೆರೆ ಏರಿ ದಾಟುವಾಗ ಟವಲು ಸರಿಸಿ ನೋಡಿದೆ. ಮೂರೂ ತಳಕ್ಕೆ ಇಳಿದಿದ್ದವು, ಮುಚ್ಚಿ ಬಿಚ್ಚುವುದು ನಿಂತಿತ್ತು. ಆಯಾಸವಾಗಿರಬೇಕು ಅಂದುಕೊಂಡೆ. ಕಾಲೇಜು ತಲುಪಿ ನನಗೆ ಪಾಠ ಹೇಳಿದ್ದ ಅಧ್ಯಾಪಕರ ಕೋಣೆಯ ಮೇಜಿನ ಮೇಲೆ ಭರಣಿ ಇಟ್ಟು, ವಿಷಯವೆಲ್ಲ ಹೇಳಿ ಟವಲು ತೆಗೆದಾಗ ಒಳಗೆ ಇದ್ದದ್ದು ಬರೀ ಕದಡಿದ ನೀರು, ಅದರಲ್ಲಿ ಎರಡು ಮೂರು ಬಿಳಿ ಎಳೆ.

ಅಧ್ಯಾಪಕರು ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಎಲ್ಲಯ್ಯ ನಿನ್ನ ಜೆಲ್ಲಿ ಮೀನು?"

"ಇತ್ತು ಸರ್. ಬೆಳಿಗ್ಗೆ ಇತ್ತು. ನಮ್ಮ ಬಾವೀಲಿ ಇನ್ನೂ ಬೇಕಾದಷ್ಟಿದಾವೆ."

"ನೀನು ಸಮುದ್ರ ನೋಡಿದೀಯಾ?"

"ಇಲ್ಲ ಸರ್."

"ಮತ್ತೆ? ಅದು ಬಾವೀಲಿ ಇರೋಕ್ಕೆ ಸಾಧ್ಯಾನೇ ಇಲ್ಲ ಕಣಯ್ಯ. ಸಮುದ್ರ ಬಿಟ್ಟು ಬಳ್ಳಾರಿ ರೋಡಿಗೆ ಬಂತಾ? ನಾಳೆ ತಿಮಿಂಗಿಲ ಹಿಡ್ಕೊಂಡು ಬರ್ತೀಯೇನೋ!"

ಕೋಣೆಯಲ್ಲಿದ್ದ ಇನ್ನಿಬ್ಬರು ನಕ್ಕರು. ಅಧ್ಯಾಪಕರು ಕೆಟ್ಟವರಲ್ಲ. ಭರಣಿಯನ್ನು ತಾವೇ ತೊಟ್ಟಿಗೆ ಸುರಿದು, ತೊಳೆದು ಕೊಟ್ಟು, ಕಾಫಿಯನ್ನೂ ಕುಡಿಸಿ ಕಳಿಸಿದರು.

ರಜೆಯಿತ್ತು. ಬಸ್ಸಿತ್ತು. ಬಾವಿಯಲ್ಲಿ ನೂರಾರು ಇದ್ದವು. ಇನ್ನೊಂದು ಭರಣಿ ತುಂಬಿಕೊಂಡು, ಉಪ್ಪಿಲ್ಲದೆ, ನಾಳೆಯೇ ಮತ್ತೆ ಹೋಗಬಹುದಿತ್ತು. ಆ ಮೇಜಿನ ಮೇಲಿಟ್ಟು, ನೋಡಿ ಸರ್ ಅನ್ನಬಹುದಿತ್ತು. ನಾನು ಹೋಗಲಿಲ್ಲ. ನಕ್ಕವರ ಎದುರಿಗೆ ಮತ್ತೆ ನಿಲ್ಲಲು ನಾಚಿಕೆಯಾಯಿತು, ಇಷ್ಟೇ ಕಾರಣ. ಊರು ಸೇರುವಷ್ಟರಲ್ಲಿ ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಶುರುವಾಗಿತ್ತು. ಅಷ್ಟು ಓದಿದವರು ಸಾಧ್ಯವಿಲ್ಲ ಅಂದ ಮೇಲೆ ನಾನು ನೋಡಿದ್ದು ಏನೋ, ಎಂತೋ.

ಜಗಲಿಯ ಮೇಲೆ ಎಲ್ಲರೂ ಕಾದಿದ್ದರು. ಅಪ್ಪ ಕೇಳಿದರು: "ಏನಂದ್ರಪ್ಪಾ?"

"ಅಂಥದ್ದು ಬಾವೀಲಿ ಇರೋಕ್ಕೆ ಸಾಧ್ಯಾನೇ ಇಲ್ವಂತೆ" ಅಂದೆ.

ಅಷ್ಟೇ ಹೇಳಿದ್ದು. ಕೇಳಿ ಬಂದದ್ದನ್ನು ಒಪ್ಪಿಸಿದೆ ಅಂದುಕೊಂಡೆ. ಆ ಮಾತಿಗೆ ನಮ್ಮ ಜಗಲಿಯ ಮೇಲೆ ಏನು ಅರ್ಥ ಎಂಬುದು ಹೇಳಿ ಮುಗಿಸಿದ ಮೇಲೆಯೇ ನನಗೆ ಹೊಳೆದದ್ದು. ಇರಲು ಸಾಧ್ಯವೇ ಇಲ್ಲದ್ದು ನಮ್ಮ ಬಾವಿಯ ತುಂಬ ಇದೆ. ಹಾಗಾದರೆ ಅದು ಹುಳವಲ್ಲ.

"ಕೇಳುಸ್ಕಂಡ್ರಾ?" ಅಂದಳು ಅವ್ವ. ಅವಳ ದನಿಯಲ್ಲಿ ಗೆಲುವಿರಲಿಲ್ಲ, ಭಯವಿತ್ತು. ಅದುವರೆಗೆ ಅವಳಿಗೂ ಅದೊಂದು ಹುಳವೇ ಇದ್ದಿರಬಹುದು ಎಂಬ ಆಸೆ ಇತ್ತೋ ಏನೋ. ಅಪ್ಪ ಎದ್ದು ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ತೋಟದ ಕಡೆ ಹೋದರು. ಅಣ್ಣ ನೆಲ ನೋಡುತ್ತ ಕೂತಿದ್ದ. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು, ಇನ್ನೂ ಏನೋ ಹೇಳುತ್ತೇನೆ ಎಂದು ಕಾಯುವವಳ ಹಾಗೆ. ನಾನು ಕೈಕಾಲು ತೊಳೆಯಲು ಎದ್ದೆ.

ಎರಡು ದಿನ ಬಿಟ್ಟು ಆಯಿಲ್ ಎಂಜಿನ್ ತರಿಸಿ ಬಾವಿ ಬರಿದು ಮಾಡಿಸಿದರು. ನೀರು ಇಳಿದಂತೆ ಅವು ಮೆಟ್ಟಿಲುಗಳ ಮೇಲೆ ಉಳಿದುಹೋದವು. ನೀರಿನಲ್ಲಿ ಅಷ್ಟು ಚೆಂದವಾಗಿದ್ದಂಥವು ಕಲ್ಲಿನ ಮೇಲೆ ಉಗುಳಿನ ಹಾಗೆ ಬಿದ್ದಿದ್ದವು. ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಒಣಗಿ, ಕಲ್ಲಿನ ಮೇಲೆ ಒಂದು ಗುಂಡಗಿನ ಕಲೆ ಕೂಡ ಕಷ್ಟಪಟ್ಟರೆ ಮಾತ್ರ ಕಾಣುವಂತಿತ್ತು. ಗೋಡೆಗೂ ಮೆಟ್ಟಿಲಿಗೂ ಸುಣ್ಣ ಬಳಿದು, ತಳಕ್ಕೆ ಎರಡು ಮೂಟೆ ಸುಣ್ಣ ಸುರಿದರು. ಹೊಸ ನೀರು ಊರಿ ಬಂದ ಮೇಲೆ ಅವ್ವ ಪೂಜೆ ಮಾಡಿಸಿದಳು.

ಅತ್ತಿಗೆಯನ್ನು ಅದಕ್ಕೂ ಮುಂಚೆಯೇ ಕಳಿಸಿಯಾಗಿತ್ತು. ಅಣ್ಣ ಗಾಡಿ ಹೂಡಿದ. ಒಂದು ಟ್ರಂಕು, ಒಂದು ಬಟ್ಟೆ ಗಂಟು. "ನಾಕು ದಿನ ಇದ್ದು ಬಾ" ಅಂದಳು ಅವ್ವ, ನಾಲ್ಕು ದಿನವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಅಪ್ಪನ ಕಾಲಿಗೂ ಅವ್ವನ ಕಾಲಿಗೂ ಬಿದ್ದು, ಗಾಡಿ ಹತ್ತುವ ಮೊದಲು ನನ್ನ ಹತ್ತಿರ ಬಂದಳು.

"ನೀವೂ ನೋಡುದ್ರಲ್ಲ ಮೇಷ್ಟ್ರೇ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಾಡಿ ಹೋದ ಮೇಲೆ ನಾನು ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ.

ವರ್ಷ ತುಂಬುವಷ್ಟರಲ್ಲಿ ಎರಡೂ ಕಡೆಯ ಹಿರಿಯರು ಕೂತು ಬಿಡುಗಡೆ ಮಾಡಿಸಿದರು. ನಾಗಸಂದ್ರದ ಹುಡುಗಿ ಮನೆಗೆ ಬಂದಳು, ಒಳ್ಳೆಯವಳೇ. ಎರಡು ವರ್ಷಕ್ಕೆ ಗಂಡು ಮಗುವಾಯಿತು. ಅವ್ವ ಮಂಡಿ ನೋವು ಮರೆತು ಓಡಾಡಿದಳು. ಬಾವಿಯ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಪ್ರತಿ ಬೇಸಿಗೆ ಮಧ್ಯಾಹ್ನದ ಹೊತ್ತು ಇಳಿದು ನೋಡುತ್ತಿದ್ದೆ. ಅವು ಮತ್ತೆ ಬರಲಿಲ್ಲ.

ಅರವತ್ತರ ದಶಕದ ನಡುವೆ ಶಿಕ್ಷಕರ ತರಬೇತಿಗೆಂದು ನನ್ನನ್ನು ಒಂದು ವರ್ಷ ಪೇಟೆಗೆ ಕಳಿಸಿದರು. ಅಲ್ಲಿನ ಗ್ರಂಥಾಲಯದಲ್ಲಿ ಪ್ರಾಣಿಶಾಸ್ತ್ರದ ಒಂದು ದಪ್ಪ ಪುಸ್ತಕ ತಿರುವುತ್ತಿದ್ದಾಗ ನಮ್ಮ ಬಾವಿ ಕಣ್ಣಿಗೆ ಬಿತ್ತು. ನಮ್ಮ ಬಾವಿಯ ಹೆಸರೇನೂ ಇರಲಿಲ್ಲ. ಆದರೆ ಚಿತ್ರ ಅದೇ, ಗಾತ್ರ ಅದೇ. ಸಿಹಿನೀರಿನ ಲೋಳೆಮೀನು ಎಂದು ಬರೆದಿತ್ತು. ಕೆರೆ, ಕಲ್ಲುಕ್ವಾರಿ, ಬಾವಿಗಳಲ್ಲಿ ಒಮ್ಮೊಮ್ಮೆ ಬೇಸಿಗೆಯಲ್ಲಿ ಕಾಣಿಸಿಕೊಳ್ಳುತ್ತದೆಯಂತೆ.

ನಿಂತುಕೊಂಡೇ ಓದಿದೆ. ಅದರ ನಿಜವಾದ ಬಾಳು ಕಲ್ಲಿಗೆ ಅಂಟಿಕೊಂಡು ನಡೆಯುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದು, ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಗಟ್ಟಲೆ ಹಾಗೇ ಇದ್ದು, ಪಕ್ಕದಲ್ಲಿ ತನ್ನಂಥವನ್ನೇ ಮೊಳೆಯಿಸಿಕೊಂಡಿರುತ್ತದೆ. ನೀರು ಬೆಚ್ಚಗಾದ ಯಾವುದೋ ಒಂದು ವರ್ಷ ಕೊಡೆಯ ರೂಪದ ಮರಿಗಳನ್ನು ನೀರಿಗೆ ಬಿಡುತ್ತದೆ. ಅವಕ್ಕೆ ಹೃದಯವಿಲ್ಲ, ಮಿದುಳಿಲ್ಲ, ನೆತ್ತರಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳುಗಳನ್ನು ತಿನ್ನುತ್ತವೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ಕೆಲವು ವಾರ ಬದುಕಿ ತಮ್ಮಷ್ಟಕ್ಕೆ ತಾವೇ ಇಲ್ಲವಾಗುತ್ತವೆ. ಅಂದರೆ ಅಪ್ಪ ಆ ಆಯಿಲ್ ಎಂಜಿನ್ ತರಿಸದಿದ್ದರೂ, ಸುಣ್ಣ ಸುರಿಯದಿದ್ದರೂ, ಮೂರು ನಾಲ್ಕು ವಾರ ಸುಮ್ಮನೆ ಕಾದಿದ್ದರೆ ಬಾವಿ ಮೊದಲಿನಂತೆಯೇ ಇರುತ್ತಿತ್ತು. ಇನ್ನೊಂದು ಸಾಲಿತ್ತು. ಒಂದು ಬಾವಿಯಲ್ಲಿ ಇರುವವೆಲ್ಲ ಸಾಮಾನ್ಯವಾಗಿ ಒಂದೇ ಲಿಂಗದವು, ಎಲ್ಲವೂ ಗಂಡು ಇಲ್ಲವೇ ಎಲ್ಲವೂ ಹೆಣ್ಣು. ಆದ್ದರಿಂದ ಆ ಕೊಡೆಗಳಿಗೆ ಮರಿಯೇ ಆಗುವುದಿಲ್ಲ. ಅದನ್ನು ಓದಿ ಪುಸ್ತಕ ಮುಚ್ಚಿಬಿಟ್ಟೆ.

ಆ ಭಾನುವಾರವೇ ಸೈಕಲ್ಲು ಹತ್ತಿ ಶೆಟ್ಟಿಹಳ್ಳಿಗೆ ಹೋದೆ. ಆರು ವರ್ಷಗಳ ಮೇಲೆ ಅವಳನ್ನು ನೋಡುತ್ತಿದ್ದೆ. ತನ್ನ ಅಣ್ಣನ ಮನೆಯ ಮುಂದೆ ಹುರುಳಿ ಕೇರುತ್ತಿದ್ದಳು. ತಲೆಯಲ್ಲಿ ಬಿಳಿಕೂದಲು ಬಂದಿತ್ತು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದು ನಿಂತಳು.

"ಬನ್ನಿ ಮೇಷ್ಟ್ರೇ. ಎಲ್ರೂ ಸಂದಾಕವ್ರಾ? ಮಾವ ಎಂಗವ್ರೆ?"

ಅತ್ತಿಗೆ ಎಂದು ಕರೆಯುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಯಿಗೆ ಅದೇ ಬಂತು. ಮಜ್ಜಿಗೆ ಕೊಟ್ಟಳು. ಕುಡಿದು, ಕಂಬಕ್ಕೆ ಒರಗಿ ಕೂತು, ಎಲ್ಲವನ್ನೂ ಹೇಳಿದೆ. ಪುಸ್ತಕದಲ್ಲಿದ್ದದ್ದು, ಅದರ ಹೆಸರು, ಕಲ್ಲಿಗೆ ಅಂಟಿಕೊಂಡು ಬದುಕುವುದು, ಬೇಸಿಗೆಗೆ ಮೇಲೇಳುವುದು. ಉಪ್ಪು ಹಾಕಿದ್ದು ತಪ್ಪು, ಅದರಿಂದಲೇ ಅವು ಸತ್ತದ್ದು ಎಂದೂ ಹೇಳಿದೆ. ಮರಿಯಾಗುವುದಿಲ್ಲ ಎಂಬ ಒಂದನ್ನು ಬಿಟ್ಟೆ. ಕೊನೆಗೆ ಹೇಳಿದೆ: "ನಿಮ್ಮಿಂದ ಏನೂ ಆಗಿರಲಿಲ್ಲ ಅತ್ತಿಗೆಮ್ಮ. ಅದೊಂದು ಹುಳ. ನಾನು ತಪ್ಪು ಹೇಳಿದೆ."

ಅವಳು ಮೊರ ಎತ್ತಿಕೊಂಡು ಕಲ್ಲು ಆರಿಸುತ್ತ ಕೇಳಿದಳು:

"ಇದ್ನ ಅತ್ತೆಮ್ಮಂಗೆ ಏಳುದ್ರಾ?"

"ಇಲ್ಲ."

"ನಿಮ್ಮಣ್ಣಂಗೆ?"

"ಇಲ್ಲ."

"ನಂಗ್ಯಾಕೆ ಏಳ್ತಿದೀರಿ ಮತ್ತೆ? ಉಳ ಅಲ್ಲ ಅಂತ ನಾನು ಯಾವಾಗಂದಿದ್ದೆ?"

ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. ನಾನು ಹೇಳುತ್ತೇನೆ, ಈವತ್ತೇ ಹೋಗಿ ಹೇಳುತ್ತೇನೆ ಅಂದೆ. "ಆಗ್ಲಿ" ಅಂದಳು. ಹೊರಡುವಾಗ ಚೀಲದ ತುಂಬ ಹುರುಳಿ ಕಟ್ಟಿಕೊಟ್ಟಳು.

ಜಾಲಹಳ್ಳಿಯ ದಾರಿಯಲ್ಲಿ ಸೈಕಲ್ಲು ತುಳಿಯುತ್ತ ಅವ್ವನಿಗೆ ಹೇಗೆ ಶುರು ಮಾಡಬೇಕು, ಅಪ್ಪನಿಗೆ ಏನನ್ನಬೇಕು ಎಂದೆಲ್ಲ ಜೋಡಿಸಿಕೊಂಡೆ. ಮನೆಗೆ ಬಂದಾಗ ಅವ್ವ ಮೊಮ್ಮಗನಿಗೆ ಮುದ್ದೆ ತಿನ್ನಿಸುತ್ತಿದ್ದಳು. ಹೊಸ ಅತ್ತಿಗೆ ಮತ್ತೆ ಬಸುರಿ, ಬಾಗಿಲಲ್ಲಿ ಕೂತು ನಗುತ್ತಿದ್ದಳು. ಈಗ ಹೇಳಿ ಇವಳ ಮನಸ್ಸು ಯಾಕೆ ಕದಡಬೇಕು, ಇವಳದೇನು ತಪ್ಪು ಅನ್ನಿಸಿತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಹುರುಳಿ ಎಲ್ಲಿಯದು ಎಂದು ಅವ್ವ ಕೇಳಿದಾಗ, ಶಾಲೆಯ ಹುಡುಗರ ಮನೆಯವರು ಕೊಟ್ಟರು ಅಂದೆ.

ಅಪ್ಪ ಮೂರು ವರ್ಷಕ್ಕೆ ತೀರಿಕೊಂಡರು. ಅವ್ವ ಆಮೇಲೂ ಬಹಳ ವರ್ಷ ಇದ್ದಳು. ದಿನಾ ಬೆಳಿಗ್ಗೆ ಎದ್ದರೆ ಎದುರಿಗೇ ಇರುತ್ತಿದ್ದಳು. ಕಾಯಿಲೆ ಬಿದ್ದ ಕೊನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಅವಳ ಕಾಲು ಒತ್ತುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಮಾತು ತೆಗೆದಳು.

"ಶೆಟ್ಟಳ್ಳಿಯವಳು ಒಳ್ಳೇ ಎಣ್ಮಗ್ಳೇ ಕಣಪ್ಪಾ. ಗಂಗಮ್ಮ ಒಪ್ಲಿಲ್ಲ, ನಾವೇನ್ಮಾಡಾಕಾಯ್ತದೆ? ಅಲ್ವಾ ಮೇಷ್ಟ್ರೇ?"

ನಾನು ಹೂಂ ಅವ್ವ ಅಂದೆ.